ನಕ್ಷೆ ಒಂದೇ, ಬಂದೂಕು ಬೇರೆ

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಕಾಲಿಟ್ಟಾಗ ಅದರ ಸೈನಿಕರ ಹೆಗಲಲ್ಲಿ ಇದ್ದದ್ದು ತ್ರೀ ನಾಟ್ ತ್ರೀ ಬಂದೂಕು. ಎದುರು ನಿಂತ ನಿಜಾಮರ ಸೈನಿಕರ ಹೆಗಲಲ್ಲಿ ಇದ್ದದ್ದೂ ಅದೇ. ಎರಡಕ್ಕೂ ಮೂಲ ನಕ್ಷೆ ಒಂದು, ಕಾಡತೂಸಿನ ಅಳತೆ ಒಂದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನ ಕಂಡದ್ದು ಮಾತ್ರ ಬೇರೆ ಬೇರೆ ಕಾಲದ ಆಯುಧಗಳ ಜಾತ್ರೆ. ನಿಜಾಮರ ಪರ ನಿಂತ ರಜಾಕಾರರಲ್ಲಿ ಹಲವರ ಕೈಯಲ್ಲಿ ತಲವಾರ, ಭರ್ಚಿ, ಮದ್ದು ತುಂಬಿ ಹಾರಿಸುವ ಹಳೆಯ ಬಂದೂಕು. ಗಡಿಯಾಚೆ ಮುಂಬೈ ಪ್ರಾಂತದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಅವರು ಶಿಬಿರ ಹೂಡಿ ರಜಾಕಾರರ ವಿರುದ್ಧ ತರುಣರನ್ನು ಕಟ್ಟಿದ್ದರು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ನಿಜಾಮರಿಗಾಗಿ ಕರಾಚಿಯಿಂದ ರಾತ್ರೋರಾತ್ರಿ ವಿಮಾನದಲ್ಲಿ ಆಯುಧ ಹೊತ್ತು ಬೀದರಿನಲ್ಲಿ ಇಳಿಸುತ್ತಿದ್ದ. ಎರಡನೆಯ ಮಹಾಯುದ್ಧ ಮುಗಿದು ಮೂರು ವರ್ಷವಾಗಿತ್ತು. ಮಿಕ್ಕ ಬಂದೂಕುಗಳು ಜಗತ್ತಿನಲ್ಲೆಲ್ಲ ಹೊಸ ಒಡೆಯರನ್ನು ಹುಡುಕುತ್ತಿದ್ದವು.

ಒಂದೇ ನಕ್ಷೆ ಎರಡು ದೇಶಗಳಲ್ಲಿ ಎರಡು ಬಂದೂಕಾಗುವುದು ಹೇಗೆ? ಅಮೆರಿಕ, ಕೆನಡಾದ ಬೇಟೆಗಾರರು ಸೈನ್ಯ ಕೈಬಿಟ್ಟ, ಎಸ್‌ಕೆಎಸ್ ಎಂಬ ಸೋವಿಯತ್ ನಕ್ಷೆಯ ಬಂದೂಕು ಕೊಳ್ಳುವಾಗ ರಷ್ಯಾದ್ದು ಮೇಲೋ ಚೀನಾದ್ದು ಮೇಲೋ ಎಂದು ಇಂದಿಗೂ ವಾದಿಸುತ್ತಾರೆ. ಯಾವುದು ಮೇಲು ಎನ್ನುವುದಕ್ಕಿಂತ ಯಾಕೆ ಬೇರೆಯಾಯಿತು ಎನ್ನುವುದೇ ನನಗೆ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ತ್ರೀ ನಾಟ್ ತ್ರೀಯ ಮೈಮೇಲೇ ಇದೆ.

ಅದರ ಬೋಲ್ಟು ಮತ್ತು ಗುಂಡಿನ ಪೆಟ್ಟಿಗೆಯ ಉಪಾಯ ಜೇಮ್ಸ್ ಪ್ಯಾರಿಸ್ ಲೀ ಅವರದು. ನಳಿಗೆಯೊಳಗಿನ ಸುರುಳಿ ತೋಡು ಲಂಡನ್ನಿನ ಉತ್ತರಕ್ಕಿದ್ದ ಎನ್‌ಫೀಲ್ಡ್ ಕಾರ್ಖಾನೆಯದು. ನಳಿಗೆಯ ಬಾಯಿ 0.303 ಇಂಚು, ಅಂದರೆ 7.7 ಮಿಲಿಮೀಟರ್. 1895ರಲ್ಲಿ ಹುಟ್ಟಿ, ಬೋಯರ್ ಯುದ್ಧದ ಪಾಠ ಕಲಿತು 1902ರಲ್ಲಿ ಗಿಡ್ಡವಾಗಿ, 1907ರಲ್ಲಿ ಮೂರನೆಯ ಮಾದರಿಯಾಗಿ ನೆಲೆನಿಂತಿತು. ತೂಕ ಸುಮಾರು 4 ಕಿಲೋ, ಪೆಟ್ಟಿಗೆಯಲ್ಲಿ 10 ಗುಂಡು. ಪಳಗಿದ ಸೈನಿಕ ನಿಮಿಷಕ್ಕೆ 15 ಗುಂಡು ಗುರಿಯಿಟ್ಟು ಹೊಡೆಯಬಲ್ಲವನಾಗಿದ್ದ.

ಭಾರತಕ್ಕೆ ಬರುವಾಗ ಈ ಬಂದೂಕಿನ ಜೊತೆ ಬ್ರಿಟಿಷರ ಒಂದು ಹಳೆಯ ಅಪನಂಬಿಕೆಯೂ ಬಂತು. ಅದರ ಬೇರು ನಮ್ಮ ಸೀಮೆಗೂ ಚಾಚಿದೆ. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದ ಹಲಗಲಿಯ ಬೇಡರ ಊರನ್ನೇ ಬ್ರಿಟಿಷರು ಸುಟ್ಟರು. ಮರುವರ್ಷ ಅವರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆ ಹಿಡಿದರು. ಟಿಪ್ಪು ಸುಲ್ತಾನ ಫ್ರೆಂಚ್ ಇಂಜಿನಿಯರುಗಳಿಂದ ಬಲಪಡಿಸಿದ್ದ ಕೋಟೆ ಅದು. 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮತ್ತು ನಿಜಾಮರ ಸೈನ್ಯ ಅದನ್ನು ಗೆಲ್ಲಲು ಆರು ತಿಂಗಳು ಮುತ್ತಿಗೆ ಹಾಕಬೇಕಾಗಿತ್ತು. ಭೀಮರಾಯರಿಗೆ ಅಷ್ಟು ದಿನ ಸಿಗಲಿಲ್ಲ. ಕೋಟೆಯ ಕಾಳಗದಲ್ಲಿ ಅವರೂ ಅವರ ಸಂಗಡಿಗರು ಅನೇಕರೂ ಮಡಿದರು.

ಸಿಪಾಯಿ ದಂಗೆಯೂ ಸೇರಿದಂತೆ ಈ ದಂಗೆಗಳ ಬಳಿಕ ಬ್ರಿಟಿಷರು ಮಾಡಿದ ಕೆಲಸ ನೋಡಿ. ಭಾರತೀಯ ಸಿಪಾಯಿಗೆ ಕೊಡುವ ಎನ್‌ಫೀಲ್ಡ್ ಬಂದೂಕಿನ ನಳಿಗೆಯಿಂದ ಸುರುಳಿ ತೋಡನ್ನೇ ಕೊರೆದು ತೆಗೆದರು. ಹೊರಗಿನಿಂದ ಅದೇ ಬಂದೂಕು. ಒಳಗೆ ನುಣ್ಣಗಿನ ಕೊಳವೆ. ಗುಂಡು ದೂರ ಹೋಗದು, ನೆಟ್ಟಗೂ ಹೋಗದು. ಕೊರೆದು ಕೊರೆದು ನಳಿಗೆ ತೆಳುವಾದದ್ದರಿಂದ ಮರುವರ್ಷ ಇದಕ್ಕೆಂದೇ ದಪ್ಪ ನಳಿಗೆಯ 1859ರ ಮಾದರಿ ಮಾಡಿದರು. ಆಮೇಲೆ ದಶಕಗಳ ಕಾಲ ಭಾರತೀಯ ಸಿಪಾಯಿಗೆ ಸಿಗುತ್ತಿದ್ದದ್ದು ಗೋರಾ ಸೈನಿಕ ಬಿಟ್ಟುಕೊಟ್ಟ ಹಿಂದಿನ ತಲೆಮಾರಿನ ಬಂದೂಕು. ಮಾದರಿಗಳ ವ್ಯತ್ಯಾಸವನ್ನು ಕಟ್ಟಿಗೆ, ಕಬ್ಬಿಣದಲ್ಲಷ್ಟೇ ಹುಡುಕುವವರು ಈ ಕಥೆಯನ್ನು ಮರೆಯಬಾರದು.

ಬಂಗಾಳದ ಇಶಾಪುರದಲ್ಲಿ 1787ರಿಂದಲೇ ಮದ್ದಿನ ಕಾರ್ಖಾನೆ ಇತ್ತು. ಅಲ್ಲಿ 1904ರ ಹೊತ್ತಿಗೆ ಬಂದೂಕಿನ ಕಾರ್ಖಾನೆ ತಲೆಯೆತ್ತಿತು. ಅಲ್ಲಿಂದ ಹೊರಬಂದ ತ್ರೀ ನಾಟ್ ತ್ರೀಯ ಮುಂಗಟ್ಟಿಗೆಯ ಮೂಲಕ ಅಡ್ಡಲಾಗಿ ಒಂದು ತಿರುಪು ಹಾಯುತ್ತದೆ. ಎನ್‌ಫೀಲ್ಡಿನಲ್ಲಿ ಹುಟ್ಟಿದ ಬಂದೂಕಿನಲ್ಲಿ ಅದಿಲ್ಲ. ನಮ್ಮ ಬಿಸಿಲಿಗೆ ಮಳೆಗೆ ಕಟ್ಟಿಗೆ ಸೀಳದಿರಲಿ ಎಂದು ಹಾಕಿದ್ದು. ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆಯಲ್ಲಿ ಅಕ್ರೋಟು ಮರದ ಬದಲು ತಮ್ಮ ನಾಡಿನ ಮೆದು ಮರ ಬಳಸಿ, ಏಟು ತಡೆಯುವ ಜಾಗಕ್ಕೆ ತಾಮ್ರದ ತಗಡು ಕೂರಿಸಿದರು. ಪೊಳಕಿ ಮರದ ಗುಣ ನೋಡಿ ಗೊಂಬೆಯ ಕೈಕಾಲು ಕಡೆಯುವ ಕಿನ್ನಾಳದ ಚಿತ್ರಗಾರರಂತೆ, ಬಂದೂಕಿನ ಬಡಗಿಯೂ ಮರದ ಮಾತು ಕೇಳಲೇಬೇಕು.

ಆದರೆ ಇದೇ ಇಶಾಪುರದಲ್ಲಿ ಮೊದಲ ಮಹಾಯುದ್ಧದ ನಂತರ ತ್ರೀ ನಾಟ್ ತ್ರೀಯ ನಳಿಗೆಯನ್ನು 0.410 ಇಂಚಿಗೆ ಕೊರೆದು ನುಣ್ಣಗೆ ಮಾಡಿದ ಮಸ್ಕೆಟ್ಟೂ ಹುಟ್ಟಿತು. ಗುಂಡಿನ ಪೆಟ್ಟಿಗೆಗೆ ಮರದ ಬೆಣೆ ಜಡಿದರು. ಒಂದು ಸಲಕ್ಕೆ ಒಂದೇ ಗುಂಡು. ಪೊಲೀಸರಿಗೆ, ಜೈಲಿನ ಕಾವಲುಗಾರರಿಗೆ ಅದು. ಯಾರಾದರೂ ಕಿತ್ತುಕೊಂಡು ಓಡಿದರೂ ಸರ್ಕಾರದ ಎದುರು ಹೆಚ್ಚು ಹೊತ್ತು ನಿಲ್ಲಬಾರದು ಎಂಬ ಲೆಕ್ಕ. 1858ರ ಭಯ ಅರವತ್ತು ವರ್ಷದ ನಂತರವೂ ಹಾಗೇ ಇತ್ತು.

ಈಗ ರಷ್ಯಾ, ಚೀನಾದ ಕಡೆ ನೋಡೋಣ. ಸಿಮೊನೊವ್ ಎಂಬ ವಿನ್ಯಾಸಕಾರ 1945ರಲ್ಲಿ ರೂಪಿಸಿದ ಎಸ್‌ಕೆಎಸ್, 1949ರಿಂದ ತೂಲಾ ಕಾರ್ಖಾನೆಯಲ್ಲಿ ತಯಾರಾಯಿತು. ಇದಕ್ಕೂ 10 ಗುಂಡು, ಆದರೆ ಪ್ರತಿ ಗುಂಡಿಗೂ ಬೋಲ್ಟ್ ಎಳೆಯುವ ಗೋಜಿಲ್ಲ. ಕುದುರೆ ಒತ್ತುತ್ತ ಹೋದರೆ ಸಾಕು. ಸೋದರ ದೇಶವೆಂದು ಚೀನಾಕ್ಕೆ ಸೋವಿಯತ್ ಒಕ್ಕೂಟ ನಕ್ಷೆ, ಯಂತ್ರ, ತಜ್ಞರನ್ನೂ ಕೊಟ್ಟಿತು. 1956ರಲ್ಲಿ ಚೀನಾದ್ದು ಟೈಪ್ 56 ಎಂಬ ಹೆಸರಲ್ಲಿ ಶುರುವಾಯಿತು. ಮೊದಮೊದಲ ಚೀನೀ ಬಂದೂಕಿಗೂ ರಷ್ಯದ್ದಕ್ಕೂ ಫರಕು ಹೇಳುವುದು ಕಷ್ಟ. 1960ರಲ್ಲಿ ಸ್ನೇಹ ಮುರಿದು ತಜ್ಞರು ಊರಿಗೆ ಮರಳಿದರು. ಅಲ್ಲಿಂದ ಮುಂದೆ ದಾರಿ ಕವಲೊಡೆಯಿತು. ರಷ್ಯದ ಬರ್ಚ್ ಮರದ ಬದಲು ಚೀನಾದ ನಾಡಮರ, ಕೊಂಚ ಗಿಡ್ಡ ಬಟ್, ತೂಲಾದ ನಕ್ಷತ್ರದ ಬದಲು ತ್ರಿಕೋನದೊಳಗೆ ಕಾರ್ಖಾನೆಯ ಸಂಖ್ಯೆ. ಬಯೊನೆಟ್ಟಿನದೇ ವಿಚಿತ್ರ: ರಷ್ಯನ್ನರು ದಬ್ಬಣದಂಥ ಮೊನೆಯಿಂದ ಹೊರಟು ಚೂರಿಯಂಥ ಅಲಗಿಗೆ ಬಂದರು, ಚೀನೀಯರು ಅಲಗಿನಿಂದ ಹೊರಟು 1960ರ ದಶಕದ ನಡುವೆ ಮೊನೆಗೆ ಹೋದರು. ಕಲಾಶ್ನಿಕೋವ್ ಬೇಕಾದಷ್ಟು ತಯಾರಾಗತೊಡಗಿದ ಮೇಲೆ ರಷ್ಯಾ ಎಸ್‌ಕೆಎಸ್ ತಯಾರಿ ಕೈಬಿಟ್ಟಿತು. ಚೀನಾ ದಶಕಗಟ್ಟಲೆ ತಯಾರಿಸಿತು.

1962ರ ಅಕ್ಟೋಬರ್ 20ರಂದು ಚೀನಾ ದಾಳಿಯಿಟ್ಟಾಗ ನಮ್ಮ ಸೈನಿಕರ ಎದುರು ಬಂದದ್ದು ಇದೇ ಟೈಪ್ 56. ನಮ್ಮವರ ಕೈಯಲ್ಲಿ ಬೋಲ್ಟ್ ಎಳೆದು ಹೊಡೆಯುವ ತ್ರೀ ನಾಟ್ ತ್ರೀ. ಬಂದೂಕೊಂದರಿಂದಲೇ ಸೋತೆವು ಎನ್ನುವುದು ಸರಿಯಲ್ಲ. ಬೆಚ್ಚನೆಯ ಬಟ್ಟೆ, ದಾರಿ, ದಿಟ್ಟ ಯೋಜನೆ ಎಲ್ಲಕ್ಕೂ ಕೊರತೆಯಿತ್ತು. ಆದರೂ ಆ ಗುಡ್ಡಗಳ ಮೇಲೆ ಬೋಲ್ಟ್ ಎಳೆಯುತ್ತ ನಿಂತ ಹುಡುಗರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆ ವರ್ಷ ಕೊಪ್ಪಳದಿಂದ ಲೋಕಸಭೆಯಲ್ಲಿ ಕೂತಿದ್ದವರು ಅಳವಂಡಿ ಶಿವಮೂರ್ತಿಸ್ವಾಮಿಗಳು. ಮುಂಡರಗಿಯ ಶಿಬಿರ ನಡೆಸಿದ್ದ ಅವರಿಗೆ, ಸರಿಯಾದ ಆಯುಧವಿಲ್ಲದೆ ಎದುರಾಳಿಯ ಮುಂದೆ ನಿಲ್ಲುವುದೆಂದರೆ ಏನೆಂದು ಹೇಳಿಕೊಡಬೇಕಿರಲಿಲ್ಲ.

ಸೋಲಿನ ಬಳಿಕ ಇಶಾಪುರ ಎಚ್ಚೆತ್ತಿತು. ಬೆಲ್ಜಿಯಂ, ಬ್ರಿಟನ್‌ಗಳ ಮಾದರಿಗಳನ್ನು ಬಿಚ್ಚಿ ನೋಡಿ ತಾನೇ ಗುಂಡು ತುಂಬಿಕೊಳ್ಳುವ ನಮ್ಮದೇ ಎಸ್‌ಎಲ್‌ಆರ್ ಬಂದೂಕು ಮಾಡಿದರು. ಅದು ಎಲ್ಲರಿಗೂ ಸಿಗುವವರೆಗೆ ಹಳೆಯ ತ್ರೀ ನಾಟ್ ತ್ರೀಯ ನಕ್ಷೆಗೇ ಗಟ್ಟಿ ಉಕ್ಕು ಹಾಕಿ, 7.62 ಮಿಲಿಮೀಟರ್ ಗುಂಡಿಗೆ ಹೊಂದಿಸಿ 2ಎ ಎಂಬ ಬಂದೂಕು ತಂದರು. ಗುಂಡಿನ ಪೆಟ್ಟಿಗೆ ಚೌಕಾಕಾರವಾಯಿತು. 2ಎ1ರಲ್ಲಿ ಗುರಿಪಟ್ಟಿ 2,000ದಿಂದ 800 ಮೀಟರಿಗೆ ಇಳಿಯಿತು. 2,000 ಮೀಟರು ದೂರದ ಮನುಷ್ಯನನ್ನು ಬರಿಗಣ್ಣಿನಿಂದ ಹೊಡೆಯುವ ಭ್ರಮೆ ಬಿಟ್ಟ ಆ ಇಂಜಿನಿಯರುಗಳ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ.

ಸೈನ್ಯ ಬಿಟ್ಟ ತ್ರೀ ನಾಟ್ ತ್ರೀ ಪೊಲೀಸರ ಪಾಲಾಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಜನವರಿ 26ರ ಪಥಸಂಚಲನದಲ್ಲಿ. ರೈತನಿಗೆ, ಬೇಟೆಗಾರನಿಗೆ ಮಾತ್ರ ಅದು ಎಂದೂ ಮಾಮೂಲಿ ಲೈಸೆನ್ಸಿನ ಬಂದೂಕಾಗಲಿಲ್ಲ. ಅಮೆರಿಕದಲ್ಲಿ ಅಂಗಡಿಯಲ್ಲಿ ಮಾರುವ ಸೈನ್ಯದ ಉಳಿಕೆ ನಮ್ಮಲ್ಲಿ ನಿಷೇಧಿತ ಬೋರ್. ಅದಕ್ಕೆಂದೇ ಅದೇ ಲೀ ಬೋಲ್ಟಿಗೆ 0.315 ಇಂಚಿನ ನಳಿಗೆ ಹಾಕಿ ಬೇರೆ ಬಂದೂಕು ಮಾಡಿ ಮಾರಿದರು. ನಕ್ಷೆ ಉಳಿಯಿತು, ಗುಂಡು ಬೇರೆಯಾಯಿತು. ಸರ್ಕಾರದ ಕಾಡತೂಸು ಜನರ ಬಂದೂಕಿಗೆ ಹೊಂದದಿರಲಿ ಎಂಬ ಹಳೆಯ ಎಚ್ಚರಿಕೆ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು.

1956ರಲ್ಲಿ ಚೀನಾ ನಿಂತಿದ್ದ ಜಾಗದಲ್ಲಿ ಈಗ ನಾವಿದ್ದೇವೆ. ಅಮೇಠಿಯ ಕೊರ್ವಾದಲ್ಲಿ ರಷ್ಯದ ಪಾಲುದಾರಿಕೆಯಲ್ಲಿ ಎಕೆ-203 ತಯಾರಾಗುತ್ತಿದೆ. 2021ರ ಡಿಸೆಂಬರಿನ ಒಪ್ಪಂದ 6 ಲಕ್ಷಕ್ಕೂ ಹೆಚ್ಚು ಬಂದೂಕುಗಳದು. ಬಿಡಿಭಾಗಗಳೆಲ್ಲ ಇಲ್ಲೇ ತಯಾರಾಗಬೇಕು ಎಂಬುದು ಗುರಿ. ಈ ಸಲ ಕಟ್ಟಿಗೆಯ ಗೊಡವೆಯಿಲ್ಲ, ಬಟ್ಟು ಪ್ಲಾಸ್ಟಿಕ್ಕಿನದು. ನಳಿಗೆಯ ಉಕ್ಕನ್ನು ಪೂರ್ತಿ ಇಲ್ಲಿಯೇ ಕಾಸಿ ಹದಮಾಡುವ ಕೆಲಸವೇ ಇದರಲ್ಲಿ ಕಠಿಣವಾದದ್ದು.