ತಡೆಯಬಾರದ ವೇಗಗಳು ಮತ್ತು ದುಡಿಯುವ ಹೆಣ್ಣುಮಕ್ಕಳು

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ದೇಹದಲ್ಲಿ ತಾನಾಗಿ ಹುಟ್ಟುವ, ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಮಲ, ಮೂತ್ರ, ಸೀನು, ತೇಗು, ಆಕಳಿಕೆ ಮೊದಲಾದವು ಎಲ್ಲರೂ ಬಲ್ಲವೇ. ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಹಾಗೂ ದುಡಿದಾಗ ಬರುವ ಏದುಸಿರು ಸಹ ಅದೇ ಪಟ್ಟಿಯಲ್ಲಿವೆ ಎಂಬುದನ್ನು ಅನೇಕರು ಗಮನಿಸಿರುವುದಿಲ್ಲ.

ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಚಿಕಿತ್ಸೆಗೆ ಬಂದಾಗಲೆಲ್ಲ ಈ ಅಧ್ಯಾಯ ನಮಗೆ ನೆನಪಾಗುತ್ತದೆ. ಉರಿಮೂತ್ರ, ಕಿಬ್ಬೊಟ್ಟೆಯ ನೋವು, ಮಲಬದ್ಧತೆ, ಮೂಲವ್ಯಾಧಿ, ಸೊಂಟನೋವು, ತಲೆನೋವು – ಹೇಳಿಕೊಳ್ಳುವುದು ಹೆಚ್ಚುಕಡಿಮೆ ಇವನ್ನೇ. ಮೂತ್ರವನ್ನು ತಡೆದರೆ ಬಸ್ತಿಯಲ್ಲಿ ಶೂಲೆ, ಮೂತ್ರಕೃಚ್ಛ್ರ, ಶಿರೋವೇದನೆ ಉಂಟಾಗುತ್ತವೆಂದು ಚರಕರು ಹೇಳಿದ ಲಕ್ಷಣಗಳು ನಮ್ಮೆದುರಿಗೇ ಕುಳಿತಿರುತ್ತವೆ. "ಬೆಳಗಿನಿಂದ ಎಷ್ಟು ನೀರು ಕುಡಿದೆಯಮ್ಮಾ?" ಎಂದು ಕೇಳಿದರೆ, "ಕುಡಿದರೆ ಎದ್ದು ಹೋಗಬೇಕಲ್ಲ ಡಾಕ್ಟ್ರೇ" ಎಂಬ ಉತ್ತರ ಬರುತ್ತದೆ.

ಎದ್ದು ಹೋಗುವುದು ಏಕೆ ಅಷ್ಟು ಕಷ್ಟ ಎಂಬುದನ್ನು ಹೊರಗಿನವರು ತಿಳಿಯಬೇಕು. ಅಂಗಿಯೊಂದನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬಳು ಕಾಲರ್, ಮತ್ತೊಬ್ಬಳು ತೋಳು, ಇನ್ನೊಬ್ಬಳು ಜೇಬು ಹೀಗೆ ಸಾಲಾಗಿ ಕುಳಿತು ಮುಂದಕ್ಕೆ ಸಾಗಿಸುತ್ತಾರೆ. ಗಂಟೆಗೆ ಇಷ್ಟೆಂದು ಟಾರ್ಗೆಟ್ ಇರುತ್ತದೆ. ಒಬ್ಬಳು ಎದ್ದರೆ ಅವಳ ಮುಂದೆ ಬಟ್ಟೆ ರಾಶಿ ಬೀಳುತ್ತದೆ, ಇಡೀ ಲೈನು ನಿಲ್ಲುತ್ತದೆ, ಬೈಗುಳ ಬೀಳುತ್ತದೆ. ಬೈಸಿಕೊಂಡವಳು ಅಲ್ಲಿ ಅಳುವಂತೆಯೂ ಇಲ್ಲ. ಕಣ್ಣೀರೂ ತಡೆಯಬಾರದ ವೇಗವೆಂದು ಆಗಲೇ ಹೇಳಿದೆವು. ಮನೆಗೆ ಮರಳಿ ಅಡುಗೆ, ಪಾತ್ರೆ ಮುಗಿಸಿ ಮಲಗುವಾಗ ಹೊತ್ತಾಗಿರುತ್ತದೆ, ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಬೇಕು. ಹಾಗೆ ನಿದ್ರೆಯ ವೇಗವೂ ತಡೆಯಲ್ಪಡುತ್ತದೆ.

ಅವಳು ಎದುರಾಡುವುದಿಲ್ಲವೇಕೆ? ಸಂಬಳ ಕಡಿಮೆ, ಕೆಲಸ ಇಂದು ಇದ್ದು ನಾಳೆ ಇಲ್ಲವಾಗಬಹುದು. ರಜೆ ಹಾಕಿದರೆ ಹಾಜರಾತಿಯ ಹಣ ಕಡಿತವಾಗುವ ಕಡೆಗಳೂ ಉಂಟು. ಇಂಥವರಿಗೆ ಕೈಗಂಟೆಂದರೆ ಪಿ.ಎಫ್. ಒಂದೇ. ಪಿ.ಎಫ್.ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂಬ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ರಸ್ತೆಗಿಳಿದರು. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಮೂತ್ರಕ್ಕೂ ಏಳಲು ಅಂಜುವವರು ಹೆದ್ದಾರಿಗೆ ಬಂದರೆಂದರೆ ಒಳಗಿನ ಭಯ ಎಷ್ಟಿದ್ದಿರಬೇಕು!

ಈ ಭಯ, ಈ ದುಡಿಮೆ ವರ್ಷಗಟ್ಟಲೆ ಮುಂದುವರಿದಾಗ ಬೇರೊಂದು ಬಗೆಯ ಬಳಲಿಕೆ ಬರುತ್ತದೆ. ಯಾವುದರಲ್ಲೂ ಆಸಕ್ತಿಯಿಲ್ಲ, ಕೆಲಸದ ಹೆಸರೆತ್ತಿದರೆ ಸಿಡುಕು, ತನ್ನಿಂದ ಏನೂ ಆಗದೆಂಬ ಭಾವ. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ, ಕೆಲವರು ದೃಷ್ಟಿ ತೆಗೆಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ಬರ್ನೌಟ್ ಎಂದು ವಿವರಿಸಿ, ಇದು ರೋಗವಲ್ಲ, ಕೆಲಸದ ಸ್ಥಳದ ನಿರಂತರ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದು ಹೇಳಿತು. ಅಂದರೆ ದೋಷವಿರುವುದು ಆಕೆಯ ಸ್ವಭಾವದಲ್ಲಲ್ಲ. ಆದರೆ ಬಳಲಿಕೆಯ ಹಿಂದೆ ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಅಡಗಿರಬಹುದಾದ್ದರಿಂದ ಮೊದಲು ರಕ್ತಪರೀಕ್ಷೆ ಮಾಡಿಸಬೇಕು.

ಔಷಧಿಯಿಂದ ಆಗುವುದೆಷ್ಟು? ನೆಗ್ಗಿಲು, ಬಾರ್ಲಿ ಗಂಜಿ, ಎಳನೀರು ಉರಿಯನ್ನು ಶಮನ ಮಾಡಬಲ್ಲವು. ಆದರೆ ಕುಡಿದ ನೀರನ್ನು ಹೊರಹಾಕಲು ಬಿಡುವಿಲ್ಲದವಳಿಗೆ ಮೂತ್ರಲ ದ್ರವ್ಯವನ್ನು ಕೊಡಲು ನಮಗೇ ಸಂಕೋಚವಾಗುತ್ತದೆ. ನಿದ್ರೆ ತಡೆದವರಿಗೆ ಚರಕರು ಹೇಳಿದ ಮದ್ದು ನಿದ್ರೆಯೇ, ಶ್ರಮದ ಉಸಿರು ತಡೆದವರಿಗೆ ವಿಶ್ರಾಂತಿಯೇ. ಅಂಗಡಿಯ ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಲೈನಿಗೆ ಕೂರುವ ಅಭ್ಯಾಸವನ್ನಂತೂ ಬಿಡಲೇಬೇಕು. ಉರಿಮೂತ್ರದೊಡನೆ ಚಳಿಜ್ವರ, ಪಕ್ಕೆನೋವು, ವಾಂತಿ ಕಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆಗ ಮನೆಮದ್ದು ಸಲ್ಲದು, ಅಂದೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು ಬರೀ ಉರಿ ಕಂಡರೂ ತಡಮಾಡಬಾರದು.

ಸಂಬಳದಲ್ಲಿ ಇ.ಎಸ್.ಐ. ಕಡಿತವಾಗುತ್ತಿರುವವರಿಗೆ ಅಲ್ಲಿ ಚಿಕಿತ್ಸೆಯಷ್ಟೇ ಅಲ್ಲ, ಕಾಯಿಲೆಯ ರಜೆಗೆ ಹಣವೂ ದೊರೆಯುತ್ತದೆ. ನಿಗದಿತ ದಿನಗಳ ವಂತಿಗೆ ಸಂದಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇಕಡಾ 70ರಷ್ಟು. ಇದನ್ನು ತಿಳಿಯದೆ ಸಾಲ ಮಾಡಿ ಖಾಸಗಿ ಆಸ್ಪತ್ರೆ ಸುತ್ತಿದವರನ್ನು ನಾವು ಬಲ್ಲೆವು. ಮನೆಯ ಹೆಣ್ಣುಮಗಳ ಇ.ಎಸ್.ಐ. ಕಾರ್ಡು ಎಲ್ಲಿದೆ ಎಂದು ಒಮ್ಮೆ ವಿಚಾರಿಸಿರಿ.

ಈ ಪತ್ರಿಕೆಯ ಓದುಗರಲ್ಲಿ ಕಾರ್ಖಾನೆ ನಡೆಸುವವರೂ, ಸೂಪರ್‌ವೈಸರ್ ಆಗಿರುವವರೂ ಇದ್ದೀರಿ. ಅದೇ 7ನೆಯ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳ ಪಟ್ಟಿಯೂ ಇದೆ, ಲೋಭ ಹಾಗೂ ಕ್ರೋಧ ಅದರಲ್ಲಿ ಸೇರಿವೆ. ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು, ಅದು ಹೊಸ ಮಾತೇನಲ್ಲ. ಸಂಬಳದ ಮಾತನ್ನು ನಿಮ್ಮ ಲೆಕ್ಕದ ಪುಸ್ತಕದೆದುರು ನೀವೇ ಕುಳಿತು ಯೋಚಿಸಬೇಕು. ವೈದ್ಯರಾಗಿ ನಾವು ಕೇಳುವುದು ಪ್ರತಿ ಲೈನಿಗೂ ಒಬ್ಬ ಬದಲಿ ಟೈಲರನ್ನು. ಒಬ್ಬಳು ಎದ್ದರೆ ಅವಳ ಮಿಷನ್ನಿನಲ್ಲಿ ಇನ್ನೊಬ್ಬಳು ಕುಳಿತುಕೊಳ್ಳಲಿ.