ಕಿನ್ನಾಳದ ಮರದ ಮೈಸಿರಿ

ಮರದ ವಿಗ್ರಹವೊಂದು ಉಳಿಯ ಕೆಲಸ ಮುಗಿದೊಡನೆಯೇ ಪೂರ್ಣವಾಯಿತೆಂದು ಬಗೆಯುವವರು, ಕೊಪ್ಪಳದ ಸಮೀಪದ ಕಿನ್ನಾಳ ಗ್ರಾಮದಲ್ಲಿ ಮರದ ಮೂರ್ತಿಗಳನ್ನು ಮಾಡುವ ಚಿತ್ರಗಾರರ ಮನೆಯೊಂದರ ಪಡಸಾಲೆಯಲ್ಲಿ ಕೊಂಚ ಹೊತ್ತು ಕುಳಿತರೆ ಆ ಭಾವನೆಯನ್ನು ಬಿಟ್ಟುಕೊಡಲೇಬೇಕಾಗುವುದು. ಅಲ್ಲಿ ಉಳಿ ಸುಮ್ಮನಾದ ಮೇಲೆಯೇ ಮೂರ್ತಿರಚನೆಯ ಉತ್ತರಾರ್ಧ ಮೊದಲಾಗುವುದು. ಹಂಪೆಯ ವಿರೂಪಾಕ್ಷ ದೇವಾಲಯದ ಚಾವಣಿಯ ಚಿತ್ರಗಳನ್ನು ಬರೆದವರು ಈ ಚಿತ್ರಗಾರರ ಪೂರ್ವಿಕರೇ ಎಂಬ ಪ್ರತೀತಿಯುಂಟು.

ಗರುಡ, ಕಾಮಧೇನು, ಗೌರಿ ಮೊದಲಾದ ಮೂರ್ತಿಗಳಿಗೆ ಇವರು ಆರಿಸುವುದು ಹಗುರವಾದ, ಉಳಿಗೆ ಸುಲಭವಾಗಿ ಬಗ್ಗುವ ಮರವನ್ನು. ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತಿ ಜೋಡಿಸುವುದರಿಂದ ಸಂದುಗಳು ಉಳಿಯುವುವು; ಮರವೋ, ಮಳೆಗಾಲದ ತೇವಕ್ಕೆ ಹಿಗ್ಗಿ ಬೇಸಗೆಯ ಶುಷ್ಕತೆಗೆ ಕುಗ್ಗುವ ವಸ್ತು. ಬರಿಯ ಬಣ್ಣವನ್ನು ಅದರ ಮೇಲೆ ಬಳಿದರೆ ಸಂದುಗಳಲ್ಲಿ ಬಿರುಕು ಕಾಣಲು ಬಹುಕಾಲ ಬೇಡ. ಈ ಚಂಚಲ ಸ್ವಭಾವವನ್ನು ಸಂತೈಸುವ ಲೇಪಕ್ಕೆ ಕಿಟ್ಟವೆಂದು ಹೆಸರು. ಸೆಣಬಿನ ಚಿಂದಿಯನ್ನು ನೆನೆಹಾಕಿ, ಸಣ್ಣಗೆ ಕತ್ತರಿಸಿ, ಒಣಗಿಸಿ ಪುಡಿಮಾಡಿ, ಮರದ ಹೊಟ್ಟನ್ನೂ ಹುಣಿಸೆ ಬೀಜದ ಅಂಟನ್ನೂ ಬೆರೆಸಿ ನಾದಿದ ಈ ಮುದ್ದೆಯನ್ನು ಮೂರ್ತಿಯ ಮೈಗೆಲ್ಲ ಕೈಯಿಂದಲೇ ಮೆತ್ತುವರು. ಅದರ ಮೇಲೆ ಹತ್ತಿಯ ಬಟ್ಟೆಯ ಚೂರುಗಳನ್ನು ಅದೇ ಅಂಟಿನಿಂದ ಹತ್ತಿಸುವರು. ಸೆಣಬಿನ ನಾರೂ ಬಟ್ಟೆಯ ಎಳೆಯೂ ಸಂದಿನ ಎರಡು ದಡಗಳನ್ನು ಹಿಡಿದು ನಿಲ್ಲುವುದರಿಂದ ಒಳಗಿನ ಮರ ಅಲುಗಿದರೂ ಹೊರಮೈ ಬಹುಮಟ್ಟಿಗೆ ಅಖಂಡವಾಗಿಯೇ ಉಳಿಯುವುದು. ಬಟ್ಟೆಯ ಮೇಲೆ ಕಲ್ಲಿನ ನುಣುಪು ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದ ಮೇಲೆಯೇ ವರ್ಣಕ್ಕೆ ಯೋಗ್ಯವಾದ ನೆಲೆ ಸಿದ್ಧವಾಗುವುದು.

ಈ ಕಲ್ಲಿನ ಲೇಪವನ್ನು ಕೇವಲ ಹೊದಿಕೆಯೆಂದು ಎಣಿಸಲಾಗದು. ದೇವಿಯ ಕಂಠಹಾರ, ಗರುಡನ ಕಿರೀಟದ ರತ್ನಗಳು, ಸೆರಗಿನ ಅಂಚು, ಇವೆಲ್ಲ ಉಳಿಯಿಂದ ಕೆತ್ತಿದುವಲ್ಲ, ಇದೇ ಲೇಪದಿಂದ ಉಬ್ಬಾಗಿ ಮೂಡಿಸಿದುವು. ಉಳಿ ಮರವನ್ನು ಕಳೆಯುತ್ತ ರೂಪವನ್ನು ಕಂಡರೆ, ಬೆರಳು ಕೂಡಿಸುತ್ತ ಕಾಣುವುದು. ಕಿನ್ನಾಳದ ಮೂರ್ತಿಯ ಮುಖದಲ್ಲಿಯೂ ಆಭರಣಗಳಲ್ಲಿಯೂ ತೋರುವ ಆ ತುಂಬಿದ ಮಾರ್ದವ ಈ ಎರಡು ವಿರುದ್ಧ ಕ್ರಮಗಳ ಸಂಯೋಗದಿಂದ ಬಂದದ್ದೆಂದು ನನ್ನ ನಂಬಿಕೆ. ಸಾಗರ ಸೊರಬಗಳ ಗುಡಿಗಾರರ ಶ್ರೀಗಂಧದ ಕೆತ್ತನೆಯಲ್ಲಿ ಮರದ ಸ್ವಂತ ಕಾಂತಿಗೂ ಪರಿಮಳಕ್ಕೂ ಅಡ್ಡಿಯಾಗದಂತೆ ನಯಗೊಳಿಸುವುದೇ ಕೌಶಲ. ಕಿನ್ನಾಳದಲ್ಲಾದರೋ ಮರ ಲೇಪದ ಹಿಂದೆ ಸರಿದು ನಿಲ್ಲುವುದು.

ಇನ್ನು ಮೂರ್ತಿಗೆ ಬೆಳ್ಳಿ ಬಂಗಾರಗಳ ಹೊಳಪು ಕೊಡುವ ಲಾಜವಾರವೆಂಬ ಕ್ರಮ. ತವರವನ್ನು ಅಂಟಿನೊಡನೆ ನುಣ್ಣಗೆ ಅರೆದು ಬಳಿದು, ಆರಿದ ಬಳಿಕ ನಯವಾದ ಕಲ್ಲಿನಿಂದ ತಿಕ್ಕಿದರೆ ಬೆಳ್ಳಿಯಂಥ ಹೊಳಪು ಬರುವುದು. ಅದರ ಮೇಲೆ ಪಾರದರ್ಶಕವಾದ ಹಳದಿ ಲೇಪ ಕೊಟ್ಟರೆ ಅದೇ ಬಂಗಾರವಾಗುವುದು. ಡಬ್ಬಿಯಲ್ಲಿ ಸಿಕ್ಕುವ ಚಿನ್ನದ ಬಣ್ಣವನ್ನು ಬಳಿದ ಮೂರ್ತಿಯೂ ಮಿನುಗುವುದು ನಿಜ. ಆದರೆ ಲೋಹವನ್ನೇ ತಿಕ್ಕಿ ಪಡೆದ ಪ್ರಭೆಯಲ್ಲಿ ಇರುವ ಗಾಂಭೀರ್ಯ ಅದಕ್ಕೆ ಬಾರದು. ಪ್ರತಿಯೊಂದು ಲೇಪವೂ ಪೂರ್ತಿ ಆರುವವರೆಗೆ ಕಾಯಬೇಕಾದ ಈ ಶ್ರಮಕ್ಕೆ ತಕ್ಕ ಬೆಲೆಯನ್ನು ಕೊಳ್ಳುವವರು ಕೊಟ್ಟರಲ್ಲದೆ ಕುಶಲಿಯು ಡಬ್ಬಿಯ ಬಣ್ಣದ ಆಸರೆಯನ್ನು ಬಿಡಲಾರನು.

ಲೇಪದ ಕೆಲಸಕ್ಕೆ ಮತ್ತೊಂದು ಗುಣವುಂಟು: ಅದನ್ನು ಮರಳಿ ಮಾಡಬಹುದು. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಗ್ರಾಮದೇವತೆ ದ್ಯಾಮವ್ವನ ಮರದ ಮೂರ್ತಿಗೆ ಜಾತ್ರೆಯ ಮುನ್ನ ಹೊಸದಾಗಿ ಬಣ್ಣವಿಡಿಸುವ ಪದ್ಧತಿ ನಡೆದುಬಂದಿದೆ. ತಲೆಮಾರುಗಳ ಹಿಂದೆ ಕೆತ್ತಿದ ಮರವು ಹೀಗೆ ಇಂದಿನವರ ಕೈಯಿಂದ ಹೊಸ ಮೈ ಪಡೆದು ರಥವೇರುವುದು.