ದ್ವೀಪಗಳಿಲ್ಲದ ದಾರಿ

ಜೂನ್ ತಿಂಗಳಲ್ಲಿ ತುಡಿಯಲೂರಿನ ಬಯಲಿಗೆ ಬಂದು ನಿಂತರೆ ಪಡುವಣ ಗಾಳಿ ಬಲವಾಗಿ ಬೀಸುವುದನ್ನು ನೀವು ಬಲ್ಲಿರಿ. ಈ ಗಾಳಿ ಅರಬ್ಬೀ ಸಮುದ್ರದ ಮೇಲಿಂದ ಹೊರಟು, ಪಾಲಕ್ಕಾಡಿನ ಕಣಿವೆಯಲ್ಲಿ ನುಗ್ಗಿ ಕೊಯಮತ್ತೂರು ಸೀಮೆಗೆ ಬರುತ್ತದೆ. ಪಲ್ಲಡಂ, ಉಡುಮಲೈ ಕಡೆಯ ಗಾಳಿಯಂತ್ರಗಳನ್ನು ತಿರುಗಿಸುವುದೂ ಇದೇ. ನಮಗೆ ಸಮುದ್ರವಿಲ್ಲ, ಸಮುದ್ರದ ಗಾಳಿ ಮಾತ್ರ ಇದೆ. ಇಂಥ ಗಾಳಿಯನ್ನೇ ನಂಬಿ ನಮ್ಮ ದೇಶದ ಇಬ್ಬರು ಮಹಿಳೆಯರು ಭೂಮಿಯನ್ನು ಸುತ್ತಿ ಬಂದಿದ್ದಾರೆ.

ಅವರು ಭಾರತೀಯ ನೌಕಾಪಡೆಯ ಅಧಿಕಾರಿಗಳು. ಒಬ್ಬರು ಕೋಳಿಕ್ಕೋಡಿನ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ. ಇನ್ನೊಬ್ಬರು ಪುದುಚೇರಿಯ ಲೆಫ್ಟಿನೆಂಟ್ ಕಮಾಂಡರ್ ರೂಪಾ. ಅವರ ಹಾಯಿದೋಣಿಯ ಹೆಸರು 'ತಾರಿಣಿ'. ಗೋವಾದಲ್ಲಿಯೇ ಕಟ್ಟಿದ ಈ ದೋಣಿಯ ಉದ್ದ 56 ಅಡಿ, ಅಂದರೆ ಸುಮಾರು ಒಂದೂವರೆ ಬಸ್ಸಿನ ಉದ್ದದಷ್ಟು. ಇದೇ ದೋಣಿಯಲ್ಲಿ 2017-18ರಲ್ಲಿ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ಲೋಕ ಸುತ್ತಿದ್ದರು. 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟಾಗ ಅದರಲ್ಲಿ ಇದ್ದವರು ಇಬ್ಬರೇ. ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರವಾಗಿರಲೇಬೇಕು.

ಹಾಯಿಯಲ್ಲಿ ಭೂಪ್ರದಕ್ಷಿಣೆ ಮಾಡಿದೆವೆಂದು ಹೇಳಿಕೊಳ್ಳಲು ಕೆಲವು ನಿಯಮಗಳಿವೆ. ಹೊರಟ ಬಂದರಿಗೇ ಮರಳಬೇಕು. ಎಲ್ಲ ರೇಖಾಂಶಗಳನ್ನೂ ದಾಟಬೇಕು. ಸಮಭಾಜಕ ವೃತ್ತವನ್ನು ಎರಡು ಸಲ ದಾಟಬೇಕು. ಸೂಯೆಜ್, ಪನಾಮಾ ಕಾಲುವೆಗಳಲ್ಲಿ ನುಸುಳಬಾರದು. ಕ್ರಮಿಸಿದ ದೂರ 21,600 ನಾಟಿಕಲ್ ಮೈಲಿಗಿಂತ ಕಡಿಮೆ ಇರಬಾರದು. ಈ ಸಂಖ್ಯೆ ಎಲ್ಲಿಂದ ಬಂತು? ವೃತ್ತಕ್ಕೆ 360 ಡಿಗ್ರಿ, ಒಂದು ಡಿಗ್ರಿಗೆ 60 ಮಿನಿಟು, ಗುಣಿಸಿ ನೋಡಿ. ಭೂಮಿಯ ಸುತ್ತಳತೆಯ ಒಂದು ಮಿನಿಟಿನ ಉದ್ದವೇ ಒಂದು ನಾಟಿಕಲ್ ಮೈಲಿ. ಅದು 1.852 ಕಿಲೋಮೀಟರಿಗೆ ಸಮ.

ಈ ಪಯಣದಲ್ಲಿ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಪೆಸಿಫಿಕ್ ಮಹಾಸಾಗರ. ಅದನ್ನು ಹಾಯಿಯಲ್ಲಿ ದಾಟಲು ಎರಡು ಹೆದ್ದಾರಿಗಳಿವೆ ಎನ್ನಬಹುದು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವರಿಗೆ ಉಷ್ಣವಲಯದ ವಾಣಿಜ್ಯ ಮಾರುತಗಳು ಬೆನ್ನ ಹಿಂದೆ ಬೀಸುತ್ತವೆ. ಗಲಪಗೋಸ್, ಮಾರ್ಕ್ವೆಸಾಸ್, ತಹಿತಿ, ಸಮೋವಾ, ಫಿಜಿ ಎಂದು ದಾರಿಯಲ್ಲಿ ದ್ವೀಪಗಳು ಸಿಗುತ್ತವೆ. ಸಿಹಿನೀರು, ತೆಂಗಿನಕಾಯಿ, ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಹಣ್ಣು ದೊರೆಯುತ್ತವೆ. ಹರಿದ ಹಾಯಿಗೆ ಹೊಲಿಗೆ ಹಾಕಲು ನೆಲವೂ ದೊರೆಯುತ್ತದೆ.

ಆದರೆ ದ್ವೀಪಗಳು ಇದ್ದರೆ ಸಾಲದು, ಕಣ್ಣಿಗೂ ಬೀಳಬೇಕು. 1520ರ ನವೆಂಬರಿನಲ್ಲಿ ಮೆಗಲನ್ನನ ಹಡಗುಗಳು ಈ ಸಾಗರವನ್ನು ಹೊಕ್ಕವು. ಗುವಾಮ್ ದ್ವೀಪ ಸಿಕ್ಕಿದ್ದು 1521ರ ಮಾರ್ಚಿನಲ್ಲಿ. ನಡುವೆ ಕಂಡದ್ದು ಜನವಸತಿಯಿಲ್ಲದ ಎರಡು ಪುಟ್ಟ ದ್ವೀಪಗಳು ಮಾತ್ರ. ನಾವಿಕರು ಹಡಗಿನ ತೊಗಲನ್ನು ನೆನೆಹಾಕಿ ತಿಂದರು. ತಾಜಾ ಹಣ್ಣು, ತರಕಾರಿ ಇಲ್ಲದೆ ಸ್ಕರ್ವಿ ರೋಗ ತಗುಲಿ ಹಲವರು ಸತ್ತರು. ಅದಕ್ಕೂ ಎಷ್ಟೋ ಶತಮಾನ ಮೊದಲು ಪಾಲಿನೇಷಿಯದ ಜನರು ನಕ್ಷತ್ರ, ಅಲೆ, ಹಕ್ಕಿಗಳ ಹಾರಾಟ ನೋಡಿಯೇ ಈ ದ್ವೀಪಗಳನ್ನು ಹುಡುಕಿ ನೆಲೆಸಿದ್ದರು! ಇದು ಸಾಧ್ಯವೇ ಎಂದು ಅನುಮಾನಿಸಿದವರಿಗೆ 1976ರಲ್ಲಿ ಉತ್ತರ ಸಿಕ್ಕಿತು. ಮಾವು ಪಿಯಾಯ್ಲುಗ್ ಎಂಬ ದ್ವೀಪವಾಸಿ, 'ಹೊಕುಲೆಯ' ಎಂಬ ಜೋಡಿದೋಣಿಯನ್ನು ಯಾವ ಉಪಕರಣವೂ ಇಲ್ಲದೆ ಹವಾಯಿಯಿಂದ ತಹಿತಿಗೆ ಮುಟ್ಟಿಸಿದನು.

ತಾರಿಣಿಗೆ ಈ ದಾರಿ ಒದಗುವಂತಿರಲಿಲ್ಲ. ಅದು ಪಶ್ಚಿಮದಿಂದ ಪೂರ್ವಕ್ಕೆ ಹೋಗಬೇಕಿತ್ತು. ಹಾಗೆ ಹೋಗುವವರಿಗೆ ನೆರವಾಗುವ ಪಶ್ಚಿಮ ಮಾರುತಗಳು ಬೀಸುವುದು ದೂರದ ದಕ್ಷಿಣದಲ್ಲಿ. ಅಲ್ಲಿ ಅವುಗಳನ್ನು ತಡೆಯುವ ನೆಲವೇ ಅಪರೂಪ. ಆದ್ದರಿಂದಲೇ ನಾವಿಕರು ಆ ಅಕ್ಷಾಂಶಗಳನ್ನು 'ಗರ್ಜಿಸುವ ನಲವತ್ತು' ಎಂದು ಕರೆದರು. ಗಾಳಿ ಧಾರಾಳ, ದ್ವೀಪ ಇಲ್ಲ. ದ್ವೀಪದ ಬೆಲೆ ಏನೆಂದು ತಾರಿಣಿಯ ಮೊದಲ ಪಯಣದಲ್ಲೇ ತಿಳಿದಿತ್ತು. 2018ರಲ್ಲಿ ಹಿಂದಿರುಗುವಾಗ ಹಿಂದೂ ಮಹಾಸಾಗರದಲ್ಲಿ ಚುಕ್ಕಾಣಿ ಕೆಟ್ಟಿತು. ಮಾರಿಷಸ್ ಇದ್ದುದರಿಂದ ಅಲ್ಲಿ ರಿಪೇರಿ ನಡೆಯಿತು. ದಕ್ಷಿಣ ಪೆಸಿಫಿಕ್‌ನಲ್ಲಿ ಹೀಗಾದರೆ?

ದಿಲ್ನಾ ಮತ್ತು ರೂಪಾ 2025ರ ಜನವರಿ ಆರಂಭದಲ್ಲಿ ನ್ಯೂಜಿಲೆಂಡಿನ ಲಿಟಲ್‌ಟನ್ ಬಂದರನ್ನು ಬಿಟ್ಟರು. ಮುಂದಿನ ನಿಲ್ದಾಣ ಫಾಕ್‌ಲೆಂಡ್ ದ್ವೀಪಗಳ ಪೋರ್ಟ್ ಸ್ಟಾನ್ಲಿ. ನಡುವೆ ಸುಮಾರು ಆರು ವಾರ ಬರೀ ನೀರು. ದಿನರೇಖೆಯನ್ನು ಪೂರ್ವಾಭಿಮುಖವಾಗಿ ದಾಟಿದವರು ಒಂದೇ ತಾರೀಖನ್ನು ಎರಡು ಸಲ ಎಣಿಸಬೇಕು. ಇದೊಂದು ತಮಾಷೆಯೇ ಸರಿ. ತಿಂಗಳ ಕೊನೆಯಲ್ಲಿ ಅವರು 'ಪಾಯಿಂಟ್ ನೀಮೊ' ಎಂಬ ಸ್ಥಳದ ಬಳಿ ಸಾಗಿದರು. ಅಲ್ಲಿಂದ ಅತಿ ಹತ್ತಿರದ ನೆಲ ಸುಮಾರು 2,688 ಕಿಲೋಮೀಟರ್ ದೂರ. ಆಕಾಶದಲ್ಲಿ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಬಾಹ್ಯಾಕಾಶ ನಿಲ್ದಾಣದವರೇ ಕೆಲವೊಮ್ಮೆ ಅಲ್ಲಿನ ನೆರೆಹೊರೆಯವರು! ಹೆಲಿಕಾಪ್ಟರ್ ತಲುಪಲಾರದು. ಹಾಯಿಯ ಹಗ್ಗ ತುಂಡಾದರೂ ಹಲ್ಲುನೋವು ಬಂದರೂ ದೋಣಿಯಲ್ಲಿರುವುದರಿಂದಲೇ ಸರಿಪಡಿಸಿಕೊಳ್ಳಬೇಕು. ಅಂಥ ಜಾಗದಲ್ಲಿಯೂ ಅವರು ಸಂಶೋಧನೆಗಾಗಿ ಕಡಲ ನೀರಿನ ಮಾದರಿಗಳನ್ನು ಸಂಗ್ರಹಿಸಿದರು.

ಅಲೆಗಳು ಎರಡು ಅಂತಸ್ತಿನ ಮನೆಯಷ್ಟು ಎತ್ತರಕ್ಕೆ ಏಳುವ ಆ ಚಳಿಯ ಕಡಲಿನಲ್ಲಿ ಬಿರುಗಾಳಿಗಳನ್ನು ಎದುರಿಸಿ, ಫೆಬ್ರವರಿ ಮಧ್ಯದಲ್ಲಿ ತಾರಿಣಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನನ್ನು ಸುತ್ತಿತು. ಅಲ್ಲಿಗೆ ಪೆಸಿಫಿಕ್ ಮುಗಿಯಿತು. ಪೋರ್ಟ್ ಸ್ಟಾನ್ಲಿಯಲ್ಲಿ ನೆಲ ಮುಟ್ಟಿ, ಕೇಪ್‌ಟೌನ್ ಮಾರ್ಗವಾಗಿ ಅವರು 2025ರ ಮೇ 29ರಂದು ಗೋವಾ ಸೇರಿದರು. ಆ ವರ್ಷ ಮುಂಗಾರು ಬೇಗನೆ, ಮೇ 24ಕ್ಕೇ ಕೇರಳವನ್ನು ಮುಟ್ಟಿತ್ತು.